ವಕಾಲತ್ತಿಗೆ ಸಹಿ ಹಾಕದ ಕೈಗಳು

ಕೋರ್ಟಿನ ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ಮೊನ್ನೆ ಒಬ್ಬ ರೈತ ಕೂತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಪಹಣಿ, ಭೂಸ್ವಾಧೀನದ ನೋಟಿಸು, ಮಡಚಿ ಮಡಚಿ ಹರಿದ ಜೆರಾಕ್ಸು. ಕರಿಕೋಟು ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದ. ಒಬ್ಬರು ಕಾರಿನ ಬಾಗಿಲು ಹಿಡಿದುಕೊಂಡೇ ಅಂದರು: "ಆ ಕಂಪನಿ ನಮ್ಮ ಕಕ್ಷಿದಾರರು ಕಣಪ್ಪ, ನಾನು ಬರಕಾಗಲ್ಲ."

ಸರಿ, ಒಂದೇ ಕೇಸಿನಲ್ಲಿ ಎರಡೂ ಕಡೆ ನಿಲ್ಲಲಾಗದು. ಹಾಗಾದರೆ ಇನ್ನೊಬ್ಬ ವಕೀಲರ ಹೆಸರಾದರೂ ಹೇಳಬಹುದಿತ್ತಲ್ಲ? ಇಂಥವರೇ ಡಿಸೆಂಬರ್ 10ಕ್ಕೆ ಮಾನವ ಹಕ್ಕುಗಳ ವೇದಿಕೆ ಹತ್ತಿ, "ವೃತ್ತಿ, ಸೇವೆ ಎರಡನ್ನೂ ಬ್ಯಾಲೆನ್ಸ್ ಮಾಡಬೇಕು" ಎಂದು ಶಾಲು ಹೊದಿಸಿಕೊಂಡು ಇಳಿಯುತ್ತಾರೆ. ನನಗೆ ಮೈ ಉರಿಯುವುದು ಅಲ್ಲಿ.

ಇದು ಶಿವಪುರದ ಮಣ್ಣು ಸ್ವಾಮಿ. ಕಾಂಗ್ರೆಸ್ ಬಾವುಟ ಹಾರಿಸಕೂಡದೆಂದು ಮೈಸೂರು ಸರ್ಕಾರ ನಿಷೇಧಾಜ್ಞೆ ಹೊರಡಿಸಿದ್ದಾಗ, 1938ರ ಏಪ್ರಿಲ್‌ನಲ್ಲಿ ಇಲ್ಲಿಯ ಹೊಲದಲ್ಲಿ ಅದನ್ನು ಏರಿಸಿ ಬಂಧನಕ್ಕೊಳಗಾದ ಮೈಸೂರು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಟಿ. ಸಿದ್ಧಲಿಂಗಯ್ಯ ವಕೀಲರೇ. ಆಜ್ಞೆ ಮೀರಿದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಅದೇ ಬಾವುಟಕ್ಕಾಗಿ ಸೇರಿದ ಜನರ ಮೇಲೆ ಪೊಲೀಸರ ಗುಂಡು ಹಾರಿತು. ಆಮೇಲೆಯೇ ದಿವಾನ್ ಮಿರ್ಜಾ ಇಸ್ಮಾಯಿಲ್ ಸರ್ಕಾರ ರಾಜಿಗೆ ಬಂದದ್ದು.

ಕಂಪನಿ ಕೆಲಸ ಪಾಪವೆಂದು ನಾನು ಹೇಳುತ್ತಿಲ್ಲ. ಗಾಂಧಿ ದಕ್ಷಿಣ ಆಫ್ರಿಕಾಕ್ಕೆ ಹೋದದ್ದೇ ಒಂದು ವ್ಯಾಪಾರಿ ಕಂಪನಿಯ ಮೊಕದ್ದಮೆಗಾಗಿ, 1893ರಲ್ಲಿ. ಮರುವರ್ಷ ಸುಮಾರು 20 ವರ್ತಕರು ತಮ್ಮ ವಕೀಲಿಕೆ ಕೆಲಸವನ್ನು ಅವರಿಗೆ ಒಪ್ಪಿಸಿದರು. ಆ ದುಡ್ಡಿನಲ್ಲಿ ಮನೆ ನಡೆಯಿತು. ಸಾರ್ವಜನಿಕ ಕೆಲಸಕ್ಕೆ ಮಾತ್ರ ಅವರು ಕಾಸು ಮುಟ್ಟಲಿಲ್ಲ.

ನಮ್ಮವರು? 2020ರಲ್ಲಿ ಮೈಸೂರಿನಲ್ಲಿ 'ಫ್ರೀ ಕಾಶ್ಮೀರ' ಫಲಕ ಹಿಡಿದ ಹುಡುಗಿಯೊಬ್ಬಳ ಪರ ವಾದಿಸಬಾರದೆಂದು ವಕೀಲರ ಸಂಘವೇ ನಿರ್ಣಯ ಮಾಡಿತು. ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳಿಗೂ ಅದೇ ಗತಿ. ಇಂಥ ನಿರ್ಣಯ ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು! ಕಾನೂನು ಓದಿದವರಿಗೇ ಅದನ್ನು ಹೈಕೋರ್ಟು ಮತ್ತೆ ಪಾಠ ಹೇಳಬೇಕಾಯಿತು. ಹುಬ್ಬಳ್ಳಿ ಹುಡುಗರ ಜಾಮೀನು ಅರ್ಜಿ ಹಿಡಿದು ಬೆಂಗಳೂರಿನಿಂದ ಹೋದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಮೈಸೂರಿನ ಹುಡುಗಿಗಾಗಿ ನೂರಕ್ಕೂ ಹೆಚ್ಚು ವಕೀಲರು ಮುಂದೆ ಬಂದರು ಎಂಬುದೊಂದೇ ಸಮಾಧಾನ. ಮರ್ಯಾದೆ ಉಳಿಸಿದವರು ಅವರು, ನಿರ್ಣಯ ಮಾಡಿದವರಲ್ಲ.

ಆ ರೈತನ ನೋಟಿಸಿಗೆ ಆಕ್ಷೇಪಣೆ ಸಲ್ಲಿಸಲು ಇನ್ನು ಹನ್ನೊಂದು ದಿನ ಉಳಿದಿದೆ. ವಕೀಲರೇ, ಸೋಮವಾರವೂ ಅವನು ಬೇವಿನ ಮರದ ಕೆಳಗೇ ಇರುತ್ತಾನೆ. ಕಾರು ಹತ್ತುವ ಮೊದಲು ಆ ಕವರನ್ನೊಮ್ಮೆ ಬಿಚ್ಚಿ ನೋಡಿ.