ಹಿಡಿಯುವ ವಿದ್ಯೆ, ಬಿಡುವ ವಿದ್ಯೆ

ಬಲಾಢ್ಯನೊಬ್ಬನನ್ನು ಅವನಿಗಿಂತ ಕಡಮೆ ಬಲದವನು ಆಯುಧವಿಲ್ಲದೆ ಹಿಡಿದು ನಿಲ್ಲಿಸಬಹುದೆ? ಆಗಬಹುದೆಂದೇ ಭೌತಶಾಸ್ತ್ರದ ಉತ್ತರ. ಭುಜದ ಕೀಲನ್ನು ಆಧಾರಬಿಂದುವೆಂದು ಭಾವಿಸಿದರೆ ಚಾಚಿದ ತೋಳು ಒಂದು ಸನ್ನೆಗೋಲು. ಕೀಲಿನಿಂದ 25 ಸೆಂಟಿಮೀಟರು ದೂರದಲ್ಲಿ ಹಿಡಿದಾಗ ಬೇಕಾಗುವ ಬಲದ ಅರ್ಧವೇ 50 ಸೆಂಟಿಮೀಟರು ದೂರದಲ್ಲಿ ಸಾಕು. 1882ರಲ್ಲಿ ಜಪಾನಿನ ಕಾನೊ ಜಿಗೊರೊ ಅವರು ಸ್ಥಾಪಿಸಿದ ಜೂಡೊ ಇಂತಹ ತತ್ತ್ವಗಳ ಮೇಲೆಯೇ ನಿಂತಿದೆ. ಆ ದೇಶದ ಪೊಲೀಸರು ಅದನ್ನು ತಮ್ಮ ತರಬೇತಿನಲ್ಲಿ ಸೇರಿಸಿಕೊಂಡರು.

ಆದರೆ ಹಿಡಿದ ಮೇಲಿನ ಗಳಿಗೆಗಳಿಗೆ ಬೇರೊಂದು ಲೆಕ್ಕವುಂಟು. ಶಾಂತವಾಗಿ ಉಸಿರೆಳೆಯುವಾಗ ಶ್ವಾಸಕೋಶದೊಳಗಿನ ಒತ್ತಡವು ಹೊರಗಿನದಕ್ಕಿಂತ ಸುಮಾರು 1 ಸೆಂಟಿಮೀಟರು ನೀರಿನ ಕಂಬದಷ್ಟು ಮಾತ್ರ ಕಡಮೆಯಾಗುತ್ತದೆ. ಬೋರಲು ಮಲಗಿದವನ ಬೆನ್ನಿನ 500 ಚದರ ಸೆಂಟಿಮೀಟರುಗಳ ಮೇಲೆ 35 ಕಿಲೋಗ್ರಾಂ ಭಾರವನ್ನು ಹೇರಿದೆವೆನ್ನೋಣ. ಅಲ್ಲಿ ಬೀಳುವ ಒತ್ತಡವು 70 ಸೆಂಟಿಮೀಟರು ನೀರಿನ ಕಂಬಕ್ಕೆ ಸಮ. ಪಕ್ಕೆಲುಬುಗಳು ಅದರಲ್ಲಿ ಒಂದು ಪಾಲನ್ನು ಹೊರುತ್ತವೆ, ನಿಜ. ಆದರೂ ಉಸಿರುಸಿರಿಗೂ ಎದೆಯು ಭಾರವನ್ನೆತ್ತಬೇಕು. ವಪೆಯು ಕೆಳಗಿಳಿಯಲು ನೆಲಕ್ಕೊತ್ತಿದ ಹೊಟ್ಟೆಯು ಅಡ್ಡಿ. ಹೆಣಗಿ ದಣಿದವನಿಗೆ ಹೆಚ್ಚು ಗಾಳಿ ಬೇಕಾದಾಗಲೇ ಈ ತಡೆ. ಅವನು ಉಸಿರಿಗಾಗಿ ಒದ್ದಾಡುತ್ತಾನೆ. ಮೇಲಿರುವವರು ಅದನ್ನು ಪ್ರತಿರೋಧವೆಂದು ಬಗೆದು ಮತ್ತಷ್ಟು ಒತ್ತುತ್ತಾರೆ. ಮಾತನಾಡುವವನು ಉಸಿರಾಡುತ್ತಿರಲೇಬೇಕೆಂಬ ವಾದವೂ ಸಲ್ಲದು. ಒಂದೆರಡು ಮಾತಿಗೆ ಬೇಕಾಗುವ ಗಾಳಿ ಅತ್ಯಲ್ಪ. ಜೀವಕ್ಕೆ ಬೇಕಾದುದು ಬಹಳ.

ಇದೇನೂ ಹೊಸ ತಿಳಿವಲ್ಲ. ಕೈಕೋಳ ತೊಡಿಸಿದೊಡನೆ ಬಂಧಿತನನ್ನು ಹೊಟ್ಟೆಯ ಮೇಲಿನಿಂದ ಹೊರಳಿಸಬೇಕೆಂದು ಅಮೆರಿಕದ ನ್ಯಾಯಾಂಗ ಇಲಾಖೆಯ ಪ್ರಕಟಣೆಯೊಂದು 1995ರಲ್ಲಿಯೇ ತಿಳಿಸಿತ್ತು. ಆದರೂ 2020ರ ಮೇ 25ರಂದು ಅದೇ ದೇಶದ ಮಿನಿಯಾಪೊಲಿಸ್ ನಗರದಲ್ಲಿ, ಕೈಕೋಳ ತೊಟ್ಟು ಬೋರಲಾಗಿದ್ದ ಜಾರ್ಜ್ ಫ್ಲಾಯ್ಡ್ ಎಂಬವರ ಕುತ್ತಿಗೆಯ ಮೇಲೆ ಪೊಲೀಸನೊಬ್ಬನು 9 ನಿಮಿಷಗಳಿಗೂ ಮೀರಿ ಮೊಣಕಾಲೂರಿದ್ದನು. ಫ್ಲಾಯ್ಡ್ ಮೃತರಾದರು. 2021ರಲ್ಲಿ ನ್ಯಾಯಾಲಯವು ಅದನ್ನು ಕೊಲೆಯೆಂದು ನಿರ್ಣಯಿಸಿತು. ಅವರನ್ನು ಪಕ್ಕಕ್ಕೆ ಹೊರಳಿಸೋಣವೆ ಎಂದು ಅಲ್ಲಿದ್ದ ಹೊಸ ಪೊಲೀಸನೊಬ್ಬನು ಎರಡು ಬಾರಿ ಕೇಳಿದ್ದನು, ಹಿರಿಯನು ಒಪ್ಪಲಿಲ್ಲ.

ವಾಚಕರು ಈ ಕೊನೆಯ ಸಂಗತಿಯನ್ನು ಗಮನಿಸಬೇಕು. ಅಲ್ಲಿ ತಿಳಿವಿತ್ತು, ಆದರೆ ಅದು ಪ್ರಶ್ನೆಯಾಗಿ ಉಳಿಯಿತು, ಅಭ್ಯಾಸವಾಗಿರಲಿಲ್ಲ. ಆದುದರಿಂದ ತರಬೇತನ್ನು ರೂಪಿಸುವವರು ಮೂರು ನಿಯಮಗಳನ್ನು ಪಾಲಿಸಬೇಕೆಂದು ನಮ್ಮ ಅಭಿಪ್ರಾಯ. ಹಿಡಿತದ ಪ್ರತಿಯೊಂದು ಅಭ್ಯಾಸವೂ ಕೈಕೋಳದಲ್ಲಿ ಮುಗಿಯದೆ, ಬಂಧಿತನನ್ನು ಪಕ್ಕಕ್ಕೆ ಹೊರಳಿಸುವುದರಲ್ಲಿ ಅಥವಾ ಕುಳ್ಳಿರಿಸುವುದರಲ್ಲಿ ಮುಗಿಯಬೇಕು. ತಂಡದಲ್ಲೊಬ್ಬನು ಉಸಿರನ್ನೇ ನೋಡುತ್ತಿರಬೇಕು. "ಬಿಡಿ" ಎಂದು ಅವನು ನುಡಿದರೆ ಹಿರಿಯನೂ ಬಿಡಬೇಕು. ಅಲ್ಲದೆ, ಓಡಿ ದಣಿದು ಎದೆ ಬಡಿದುಕೊಳ್ಳುತ್ತಿರುವಾಗಲೇ ಇವೆಲ್ಲವನ್ನೂ ಅಭ್ಯಸಿಸಬೇಕು. ನೆಮ್ಮದಿಯಲ್ಲಿ ಕಲಿತದ್ದು ಭಯದಲ್ಲಿ ಕೈಗೆ ಬಾರದು.

ಇದರಿಂದ ಪೊಲೀಸರ ಆತ್ಮರಕ್ಷಣೆಗೆ ಕುಂದು ಬಾರದೆ ಎಂದು ಕೇಳುವವರುಂಟು. ಅವರ ಪ್ರಾಣವೂ ಅಮೂಲ್ಯವೇ. ಎದುರಾಳಿಯು ಆಯುಧ ಹಿಡಿದಿರುವ ಗಳಿಗೆಯ ಮಾತು ಬೇರೆ. ನಾವು ಹೇಳುವುದು ಅವನು ಸೆರೆಯಾದ ಮೇಲಿನ ಮಾತು. ತಪ್ಪಿಸಿಕೊಳ್ಳದಂತೆ ತಡೆಯಲು ಅಗತ್ಯವಾದುದಕ್ಕಿಂತ ಹೆಚ್ಚಿನ ನಿರ್ಬಂಧ ಕೂಡದೆಂದು ನಮ್ಮ ದೇಶದ ಕಾನೂನೂ ವಿಧಿಸಿದೆ. ಆ ಮಿತಿಯನ್ನು ಕೈಗಳು ಅರಿಯುವಂತೆ ಮಾಡುವುದೇ ತರಬೇತಿನ ಕೆಲಸ.

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಖಾಕಿ ತೊಡುವರು. ಸನ್ನೆಗೋಲಿನ ಪಾಠದ ಜೊತೆಗೆ ಒತ್ತಡದ ಪಾಠವನ್ನೂ ಅವರು ನೆನಪಿಡಲಿ.