ಕೊಚ್ಚಿಯ ಕೊಂಕಣಿ ಮತ್ತು ಅರಿಸಿನದ ಓಕುಳಿ

ವಲಸೆ ಬಂದವರ ಆಚಾರ ನೂರಾರು ವರ್ಷ ಉಳಿದರೆ ನಾವು ಕೊಡುವ ಕಾರಣ ಸಾಮಾನ್ಯವಾಗಿ ಒಂದೇ: ಅವರು ಯಾರೊಂದಿಗೂ ಬೆರೆಯಲಿಲ್ಲ. ಕೊಚ್ಚಿಯ ಮಟ್ಟಾಂಚೇರಿಯನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟ ಕೊಂಕಣಿಗರಲ್ಲಿ ಕೆಲವರು ನಮ್ಮ ಕರಾವಳಿಯಲ್ಲೇ ನಿಂತರು; ಇನ್ನು ಕೆಲವರು ಮತ್ತೂ ದಕ್ಷಿಣಕ್ಕೆ ಹೋಗಿ ಕೊಚ್ಚಿ ರಾಜರ ಆಶ್ರಯದಲ್ಲಿ ಚೆರ್ಲಾಯಿ ಸುತ್ತ ನೆಲೆಯೂರಿದರು. ಹೊಸ ಊರು ಅವರನ್ನು ಉಳಿಸಿಕೊಂಡದ್ದು ಅವರಿಂದ ಅದಕ್ಕೆ ಪ್ರಯೋಜನವಿದ್ದುದರಿಂದ. ಡಚ್ ಕಮಾಂಡರ್ ವಾನ್ ರೀಡೆ ಮಲಬಾರಿನ ಸಸ್ಯಗಳ ಬಗ್ಗೆ ಬರೆಯಿಸಿದ 'ಹೋರ್ಟುಸ್ ಮಲಬಾರಿಕುಸ್' 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಅದಕ್ಕೆ ದುಡಿದರು. ಅವರು 1675ರಲ್ಲಿ ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಕೊಂಕಣಿ ಪ್ರಮಾಣಪತ್ರ ಆ ಗ್ರಂಥದಲ್ಲೇ ಇದೆ. ಚಿತ್ರಪುಟಗಳಲ್ಲಿ ಗಿಡದ ಪಕ್ಕ ಮಲಯಾಳಂ, ಅರಬ್ಬಿ ಲಿಪಿಯ ಹೆಸರುಗಳ ಜೊತೆ ನಾಗರಿಯದೂ ಕಾಣುತ್ತದೆ. ತಾವು ಬಂದು ಸೇರಿದ ನೆಲದ ಗಿಡಗಳನ್ನು ಅಷ್ಟು ಹತ್ತಿರದಿಂದ ಅರಿತವರನ್ನು ಬೆರೆಯದವರು ಎನ್ನಲಾದೀತೆ?

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಕೊಚ್ಚಿಯ ತಿರುಮಲ ದೇವಸ್ವಂ ದೇವಸ್ಥಾನ, ಕಾಶೀ ಮಠ, ಜಾತಿಯೊಳಗಿನ ಮದುವೆ ಇವೆಲ್ಲ ಇಲ್ಲದಿದ್ದರೆ ಗೋವೆಯಿಂದ ಬಂದ ಈ ಗೌಡ ಸಾರಸ್ವತರು ಎಂದೋ ಕರಗಿಹೋಗುತ್ತಿದ್ದರು ಎಂಬುದು. ಪೂಜಾಪದ್ಧತಿಯ ಮಟ್ಟಿಗೆ ಇದನ್ನು ಒಪ್ಪಲೇಬೇಕು. ಆದರೆ ಹೀಗೆ ಸುತ್ತ ಹಾಕಿಕೊಂಡ ಬೇಲಿಯೇ ಕಾಯುತ್ತದೆ ಎನ್ನುವಂತಿಲ್ಲ. 1791ರಲ್ಲಿ ಅವರು ಕೊಚ್ಚಿಯ ರಾಜ ಶಕ್ತನ್ ತಂಬುರಾನನ ಕೋಪಕ್ಕೆ ಗುರಿಯಾದಾಗ ದೇವಸ್ವಂನ ದೇವರ ವಿಗ್ರಹವೇ ತಿರುವಾಂಕೂರಿಗೆ ಹೋಗಬೇಕಾಯಿತು, ಮರಳಿದ್ದು 1853ರಲ್ಲಿ. ಪಕ್ಕದ ಯಹೂದಿಗಳದ್ದು ಇನ್ನೂ ಕಟುವಾದ ಪಾಠ. 1568ರ ಪರದೇಶಿ ಸಿನಗಾಗ್, ಅದರ ನೆಲಕ್ಕೆ ಹಾಸಿದ ಚೀನಾದ ನೀಲಿ ಬಿಲ್ಲೆಗಳು, ಎಲ್ಲವೂ ಸುಸ್ಥಿತಿಯಲ್ಲಿವೆ. ಪ್ರಾರ್ಥಿಸುವ ಜನ ಮಾತ್ರ ಬಹುಮಟ್ಟಿಗೆ ಇಸ್ರೇಲಿಗೆ ಹೋದರು. ಕೊಚ್ಚಿಯ ಯಹೂದಿ ಹೆಂಗಸರು ಅಲ್ಲಿಗೆ ಕೊಂಡೊಯ್ದ ಹಾಡಿನ ಪುಸ್ತಕಗಳು ಮಲಯಾಳಂನವು. ಎರಡನೆಯ ವಲಸೆಯಲ್ಲಿ ಅವರ ಕೈಯಲ್ಲಿ ಉಳಿದದ್ದು ಮೊದಲ ವಲಸೆಯ ಊರು ಕೊಟ್ಟ ನುಡಿ.

ಬೇಲಿಯ ವಾದ ಪೂರ್ತಿ ಸೋಲುವುದು ಕೇರಳದ ಕುಡುಂಬಿಗಳ ಮುಂದೆ. ಇವರೂ ಗೋವೆಯಿಂದ ಬಂದವರೇ, ಮನೆಯಲ್ಲಿ ಕೊಂಕಣಿ ಆಡುವವರೇ. ಗದ್ದೆಗೆಲಸ, ಅವಲಕ್ಕಿ ಕುಟ್ಟುವುದು ಇವರ ಕಸುಬಾಗಿತ್ತು. ದೊಡ್ಡ ದೇವಸ್ವಂ, ರಾಜರ ತಾಮ್ರಪಟ, ಮಠ ಯಾವುದೂ ಇವರಿಗಿರಲಿಲ್ಲ. ಆದರೂ ಹೋಳಿ ಬಂದರೆ ಅರಿಸಿನದ ನೀರು ಎರಚಿ ಕುಣಿಯುವ ಮಂಜಳ್ಕುಳಿಯನ್ನು ಬಿಟ್ಟಿಲ್ಲ. ಉಡುಪಿ ಜಿಲ್ಲೆಯ ನಮ್ಮ ಕುಡುಬಿಗಳು ಅದೇ ಹುಣ್ಣಿಮೆಗೆ ಮುಂಡಾಸಿಗೆ ಅಬ್ಬಲಿಗೆ ಸುತ್ತಿ, ಗುಮಟೆ ಬಡಿಯುತ್ತ ಮನೆಮನೆಗೆ ಹೋಗುತ್ತಾರೆ. ನೂರಾರು ಮೈಲಿ ಅಂತರದ ಎರಡೂ ಕಡೆ ಬಡವರು ಹೋಳಿಯನ್ನು ಬದುಕಿಸಿದ್ದು ಸಿರಿಯಿಂದಲ್ಲ, ವರ್ಷವರ್ಷ ಕೂಡಿ ಆಡಿದ್ದರಿಂದ. ಆದರೆ ಕೊಚ್ಚಿಯ ಕೊಂಕಣಿ ಪರಂಪರೆ ಎಂದರೆ ಇವತ್ತಿಗೂ ದೇವಸ್ವಂ ಕಥೆಯೇ ಮೊದಲು. ಇದು ಅನ್ಯಾಯ. 1994ರಿಂದ ಇರುವ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ ಕೇರಳದವರ ಜೊತೆ ಸೇರಿ ಎರಡೂ ಕಡೆಯ ಹೋಳಿ ಹಾಡುಗಳನ್ನು, ಬಲ್ಲ ಹಿರಿಯರು ಇರುವಾಗಲೇ, ಅಕ್ಕಪಕ್ಕದಲ್ಲಿಟ್ಟು ಧ್ವನಿಮುದ್ರಿಸಬೇಕು.