ಆಟಿಸಂ ಕಡತದ ಮೇಲೆ ‘ವಾಸಿಯಾಗದು’ ಎಂಬ ಷರಾ

ಕೆನಡಾದ ಗಡುವು ಮತ್ತೆ ಚರ್ಚೆಗೆ ಬಂದಿದೆ. ಮಾನಸಿಕ ಕಾಯಿಲೆಯೊಂದೇ ಕಾರಣವಾಗಿದ್ದರೂ ವೈದ್ಯರ ನೆರವಿನಿಂದ ಸಾಯಬಹುದು ಎಂಬ ನಿಯಮ ಅಲ್ಲಿ 2023ರ ಮಾರ್ಚ್‌ನಲ್ಲಿ ಜಾರಿಗೆ ಬರಬೇಕಿತ್ತು. ಅದು 2024ಕ್ಕೆ ಹೋಯಿತು, ಅಲ್ಲಿಂದ 2027ರ ಮಾರ್ಚ್ 17ಕ್ಕೆ. ವ್ಯವಸ್ಥೆ ಇನ್ನೂ ಸಜ್ಜಾಗಿಲ್ಲ ಎಂಬುದು ಕೊಟ್ಟ ಕಾರಣ. ಇನ್ನಷ್ಟು ಮನೋವೈದ್ಯರಿಗೆ ತರಬೇತಿ ಕೊಟ್ಟು, ಇನ್ನೆರಡು ನಮೂನೆ ಅಚ್ಚು ಹಾಕಿಸಿದರೆ ಸರಿಹೋಗುವ ಸಂಗತಿ ಇದು ಎಂಬ ಭ್ರಮೆಯನ್ನು ಈ ಮಾತು ಹುಟ್ಟಿಸುತ್ತದೆ. ಸರಿಹೋಗುವುದಿಲ್ಲ. ಖಿನ್ನತೆ ಮತ್ತು ಆಟಿಸಂ ಇರುವವರಿಗೆ, ಆ ಕಾರಣಕ್ಕಾಗಿಯೇ, ಈ ಬಾಗಿಲು ತೆರೆಯಬಾರದು. ಹಾಗೆ ತೆರೆದ ದೇಶದ ಕಡತಗಳು ನಮ್ಮ ಮುಂದಿವೆ. ಅವನ್ನು ಓದುವ ತಾಳ್ಮೆ ಪರ ವಹಿಸುವವರಿಗೂ ಇಲ್ಲ, ವಿರೋಧಿಸುವವರಿಗೂ ಇಲ್ಲ.

ನೆದರ್ಲೆಂಡ್ಸ್‌ನ ದಯಾಮರಣ ಕಾಯ್ದೆ ಜಾರಿಗೆ ಬಂದಿದ್ದು 2002ರ ಏಪ್ರಿಲ್ 1ರಂದು. ಅಲ್ಲಿ ಪ್ರತಿ ಪ್ರಕರಣವನ್ನೂ ಪ್ರಾದೇಶಿಕ ಸಮಿತಿಗಳು ಆಮೇಲೆ ಪರಿಶೀಲಿಸುತ್ತವೆ, ಆಯ್ದ ಕೆಲವನ್ನು ಹೆಸರು ಮರೆಸಿ ಪ್ರಕಟಿಸುತ್ತವೆ. (ಟೀಕಾಕಾರರ ಕೈಗೆ ತಾನಾಗಿ ದಾಖಲೆ ಕೊಡುವ ವ್ಯವಸ್ಥೆಗಳು ಅಪರೂಪ, ಆ ಮಟ್ಟಿಗೆ ಡಚ್ಚರನ್ನು ಮೆಚ್ಚಬೇಕು.) ಲಂಡನ್ನಿನ ಕಿಂಗ್‌ಸ್ಟನ್ ವಿಶ್ವವಿದ್ಯಾಲಯದ ಐರೀನ್ ಟಫ್ರಿ-ವೈನ್ ಮತ್ತು ಸಂಗಡಿಗರು 2012ರಿಂದ 2021ರವರೆಗಿನ ಒಂಬೈನೂರಕ್ಕೂ ಹೆಚ್ಚು ವರದಿಗಳನ್ನು ಜಾಲಾಡಿ, ಆಟಿಸಂ ಅಥವಾ ಬೌದ್ಧಿಕ ಅಂಗವೈಕಲ್ಯ ಇದ್ದವರ 39 ಪ್ರಕರಣಗಳನ್ನು ಹೆಕ್ಕಿದರು. ಅಧ್ಯಯನ 2023ರಲ್ಲಿ ಹೊರಬಂತು. ಎಲ್ಲರೂ ಜಗಳವಾಡುವುದು ಈ 39ರ ಮೇಲೆ. ಒಬ್ಬರಿಗೆ ಅದು ಎದೆ ನಡುಗಿಸುವ ಸಂಖ್ಯೆ. ಇನ್ನೊಬ್ಬರಿಗೆ, ಆ ಹತ್ತು ವರ್ಷಗಳ ಸುಮಾರು 60,000 ದಯಾಮರಣಗಳ ಎದುರು ಲೆಕ್ಕಕ್ಕೇ ಇಲ್ಲದ್ದು. ಆಯ್ದು ಪ್ರಕಟಿಸಿದ ವರದಿಗಳಿಂದ ಹೆಕ್ಕಿದ್ದು ಪ್ರಮಾಣವನ್ನು ಹೇಳುವುದೇ ಇಲ್ಲ, ಹಾಗಾಗಿ ಎರಡೂ ವಾದ ವ್ಯರ್ಥ. ನೋಡಬೇಕಾದದ್ದು ಆ ಕಡತಗಳ ಒಳಗೆ ಬರೆದಿರುವುದನ್ನು.

ಸಾವನ್ನು ಬೇಡಿದ್ದಕ್ಕೆ ಕಾರಣವಾಗಿ ಶೇ 77 ಪ್ರಕರಣಗಳಲ್ಲಿ ದಾಖಲಾಗಿರುವುದು ಒಂಟಿತನ ಮತ್ತು ಜನಸಂಪರ್ಕ ಇಲ್ಲದಿರುವುದು. ಬದುಕಿನ ಪೆಟ್ಟು ತಾಳಿಕೊಳ್ಳುವ ಶಕ್ತಿ ಇಲ್ಲದಿರುವುದು ಶೇ 56ರಲ್ಲಿ, ಬದಲಾವಣೆಗೆ ಹೊಂದಿಕೊಳ್ಳಲಾಗದ್ದು ಶೇ 44ರಲ್ಲಿ, ಸದ್ದು ಬೆಳಕಿನಂಥವಕ್ಕೆ ವಿಪರೀತ ಸಂವೇದನೆ ಶೇ 26ರಲ್ಲಿ. ಐದರಲ್ಲಿ ಒಂದು ಪ್ರಕರಣದಲ್ಲಿ ನೋವಿನ ಏಕೈಕ ಮೂಲವೆಂದು ವಿವರಿಸಿರುವುದು ಇಂಥ ಸಂಗತಿಗಳನ್ನೇ. ನೋವಿಗೆ ಬೇರೆ ಕಾಯಿಲೆಯ ಕಾರಣ ಕೊಟ್ಟಿಲ್ಲ. ಒಂದು ಕಡತ ಇಪ್ಪತ್ತರ ಹರೆಯದ ಯುವಕನದು. ಬಾಲ್ಯದಿಂದಲೂ ಆತ ಸುಖ ಕಂಡವನಲ್ಲ, ಸತತವಾಗಿ ಕಿರುಕುಳಕ್ಕೆ ಗುರಿಯಾದವನು. ಜನರ ಒಡನಾಟಕ್ಕೆ ಹಂಬಲಿಸುತ್ತಿದ್ದ, ಆದರೆ ಯಾರೊಡನೆಯೂ ಬೆರೆಯಲು ಆಗುತ್ತಿರಲಿಲ್ಲ ಎಂಬ ಒಕ್ಕಣೆ ಅಲ್ಲಿದೆ. ಶಾಲೆಯ ಆಪ್ತಸಮಾಲೋಚಕರ ಟಿಪ್ಪಣಿಯಲ್ಲಿ ಇರಬೇಕಾದ ಮಾತುಗಳಿವು. ಇದ್ದದ್ದು ದಯಾಮರಣದ ಕಡತದಲ್ಲಿ.

ನನ್ನ ಇಡೀ ವಾದ ನಿಂತಿರುವುದು ಇದರ ಪಕ್ಕದಲ್ಲಿರುವ ಇನ್ನೊಂದು ಲೆಕ್ಕದ ಮೇಲೆ. ಮೂರನೇ ಒಂದರಷ್ಟು ಪ್ರಕರಣಗಳಲ್ಲಿ ವೈದ್ಯರು, ಆಟಿಸಂಗೆ ಅಥವಾ ಬೌದ್ಧಿಕ ಅಂಗವೈಕಲ್ಯಕ್ಕೆ ಚಿಕಿತ್ಸೆ ಇಲ್ಲ, ಆದ್ದರಿಂದ ಸುಧಾರಣೆಯ ನಿರೀಕ್ಷೆ ಇಲ್ಲ ಎಂದು ಷರಾ ಬರೆದಿದ್ದಾರೆ. ನೋವಿನ ವಿಷಯದಲ್ಲಿ ಡಚ್ ಕಾಯ್ದೆ ಕೇಳುವುದು ಎರಡನ್ನು: ನೋವು ಸಹಿಸಲಾಗದಷ್ಟು ಇರಬೇಕು, ಸುಧಾರಣೆಯ ನಿರೀಕ್ಷೆ ಇರಬಾರದು. ಕ್ಯಾನ್ಸರ್ ರೋಗಿಯ ವಿಷಯದಲ್ಲಿ ಎರಡನೆಯ ಷರತ್ತು ನಿಜವಾದ ಜರಡಿ. ಯಾರಿಗೆ ಇನ್ನೂ ಮದ್ದಿದೆ, ಯಾರಿಗಿಲ್ಲ ಎಂಬುದನ್ನು ಅದು ಬೇರ್ಪಡಿಸುತ್ತದೆ. ಆಟಿಸಂ ಇರುವವರು ಹುಟ್ಟಿದ ದಿನವೇ ಆ ಜರಡಿಯಿಂದ ಕೆಳಗೆ ಬಿದ್ದಿರುತ್ತಾರೆ, ಏಕೆಂದರೆ ಅದು ಬಂದು ಹೋಗುವ ರೋಗವಲ್ಲ, ಅವರು ಇರುವ ಬಗೆ. ವಾಸಿಯಾಗದಿರುವುದು ಆಟಿಸಂ, ಒಂಟಿತನವಲ್ಲ. ಸಾಯಲು ಕಾರಣ ಕೊಟ್ಟಿದ್ದು ಒಂಟಿತನವನ್ನು, ವಾಸಿಯಾಗದು ಎಂದು ಷರಾ ಬರೆದದ್ದು ಆಟಿಸಂ ಮೇಲೆ. ನೋವು ಒಂದರದು, ಪ್ರಮಾಣಪತ್ರ ಇನ್ನೊಂದಕ್ಕೆ. ಈ ಕೈಚಳಕ ಯಾವ ತರಬೇತಿಯಿಂದಲೂ ನಿಲ್ಲುವುದಿಲ್ಲ, ಅದು ನಿಯಮದ ಹೆಣಿಗೆಯಲ್ಲೇ ಇದೆ.

ಖಿನ್ನತೆಯ ಕತೆ ತುಸು ಬೇರೆ, ಆದರೆ ದೂರದ್ದಲ್ಲ. ಅಮೆರಿಕದ ಸ್ಕಾಟ್ ಕಿಮ್ ಮತ್ತಿಬ್ಬರು 2011ರಿಂದ 2014ರ ಡಚ್ ಮನೋರೋಗ ಪ್ರಕರಣಗಳಲ್ಲಿ 66ನ್ನು ಓದಿ 2016ರಲ್ಲಿ ಬರೆದರು. ಶೇ 56ರಲ್ಲಿ ಒಂಟಿತನದ ಪ್ರಸ್ತಾಪ ಇಲ್ಲೂ ಇದೆ. ಶೇ 24ರಲ್ಲಿ ಅಭಿಪ್ರಾಯ ಕೊಟ್ಟ ವೈದ್ಯರಲ್ಲೇ ಒಮ್ಮತ ಇರಲಿಲ್ಲ, ಆದರೂ ಸಾವು ನಡೆಯಿತು. 2010ರಲ್ಲಿ ಇಂಥ ಪ್ರಕರಣ ಎರಡೇ ಎರಡು ಇದ್ದವು. 2023ರಲ್ಲಿ 138, 2024ರಲ್ಲಿ 219.

ನಮ್ಮಲ್ಲಿ ಕೆಲವರು ಇದನ್ನು ಕರ್ನಾಟಕಕ್ಕೆ ತಂದು ಗಂಟು ಹಾಕುತ್ತಾರೆ. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆ ಮೊದಲ ಮೆಟ್ಟಿಲಂತೆ, ಕೊನೆಯ ಮೆಟ್ಟಿಲು ಆಮ್‌ಸ್ಟರ್‌ಡ್ಯಾಮಂತೆ. ಸುತ್ತೋಲೆಯನ್ನು ಓದಿದವರು ಹೀಗೆ ಹೇಳಲಾರರು. ಸುಪ್ರೀಂ ಕೋರ್ಟ್‌ನ 2018ರ ತೀರ್ಪು ಮತ್ತು ಅದನ್ನು ಸರಳಗೊಳಿಸಿದ 2023ರ ಆದೇಶದ ಅನುಷ್ಠಾನ ಅದು. ಚೇತರಿಕೆಯ ಆಸೆ ಇಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು, ಅವು ನೋಡುವುದು ರೋಗಿಯ ದೇಹಸ್ಥಿತಿಯನ್ನು. ಇನ್ನು ಆಟಿಸಂ ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಒಂದು. ಅಲ್ಲಿ ಅದು ಸರ್ಕಾರ ನೆರವು ಕೊಡಬೇಕಾದ ಬಾಬ್ತು. ಆ ನೆರವು ಎಷ್ಟು ತಲುಪುತ್ತಿದೆ ಎಂಬುದು ಬೇರೆ ಜಗಳ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇರುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಆ ಕಂದರಕ್ಕೆ ಹಾಕಿದ ಮೊದಲ ಹಲಗೆ.

ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರ ಆಯ್ಕೆಯನ್ನು ತಡೆಯಲು ನೀವು ಯಾರು ಎಂಬ ಆಕ್ಷೇಪ ಬರುತ್ತದೆ. ಕೆನಡಾದ ಕ್ಯಾಲ್ಗರಿಯಲ್ಲಿ 2024ರ ಮಾರ್ಚ್‌ನಲ್ಲಿ ನ್ಯಾಯಾಧೀಶರು ಹೇಳಿದ್ದೂ ಇದನ್ನೇ. ವೈದ್ಯರ ನೆರವಿನ ಸಾವಿಗೆ ಅರ್ಜಿ ಹಾಕಿದಾಕೆಗೆ 27 ವರ್ಷ. ಅದನ್ನು ತಡೆಯಲು ಕೋರ್ಟಿಗೆ ಹೋದ ತಂದೆಗೆ ಗೊತ್ತಿದ್ದ ಮಟ್ಟಿಗೆ ಆಕೆಗಿದ್ದುದು ಆಟಿಸಂ ಮತ್ತು ಎಡಿಎಚ್‌ಡಿ. ಮಾನಸಿಕ ಕಾಯಿಲೆಗೆ ತಡೆ ಇರುವಾಗ ಆಕೆಗೆ ಒಪ್ಪಿಗೆ ಹೇಗೆ ಸಿಕ್ಕಿತು ಎಂದು ಕೇಳುವವರಿಗೆ: ಆ ತಡೆಯ ವ್ಯಾಪ್ತಿಗೆ ಆಟಿಸಂ ಬರುವುದೇ ಇಲ್ಲ, ಅದು ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. 2027ರ ಗಡುವನ್ನು ಕಾಯುತ್ತಿರುವವರು ಇದನ್ನು ಗಮನಿಸಿಯೇ ಇಲ್ಲ. ಆಕೆಗೆ ಬುದ್ಧಿ ಇತ್ತೇ ಎಂಬುದು ನನ್ನ ಪ್ರಶ್ನೆಯಲ್ಲ, ಖಂಡಿತ ಇತ್ತು ಎಂದೇ ಇಟ್ಟುಕೊಳ್ಳೋಣ. ಆದರೆ ಈ ಕಾನೂನುಗಳು ಬರೀ ಆಯ್ಕೆಯ ಮೇಲೆ ನಿಂತಿಲ್ಲ. ಆಯ್ಕೆಯೇ ಸಾಕಾಗಿದ್ದರೆ ಪ್ರೇಮಭಂಗವಾದ ಯುವಕನನ್ನು ವಾಪಸ್ ಕಳಿಸಿ ಇವರನ್ನು ಮಾತ್ರ ಒಳಗೆ ಕರೆಯುವುದೇಕೆ? ರೋಗನಿರ್ಣಯದ ಚೀಟಿ ಕೈಯಲ್ಲಿದ್ದವರ ಸಾವಿನಾಸೆಯನ್ನು ಮಾತ್ರ ಸಮಂಜಸ ಎಂದು ಒಪ್ಪುವುದು ತಾರತಮ್ಯ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ, ಸಾವು ಸಮೀಪಿಸದವರಿಗೂ ನೆರವು ಕೊಡುವ ಭಾಗವನ್ನು ರದ್ದು ಮಾಡಿ ಎಂದು 2025ರಲ್ಲಿ ಕೆನಡಾಕ್ಕೆ ಹೇಳಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ನೀವು ಬಾಗಿಲು ಮುಚ್ಚಿದರೆ ಇವರು ಒಬ್ಬಂಟಿಯಾಗಿ, ಘೋರವಾಗಿ ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ. ಇದನ್ನು ತಳ್ಳಿಹಾಕುವ ಹಾಗಿಲ್ಲ. ಆಟಿಸಂ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಏಳು ಪಟ್ಟಿಗೂ ಹೆಚ್ಚು ಎಂದು ಸ್ವೀಡನ್ನಿನ 2016ರ ಅಧ್ಯಯನ ತೋರಿಸಿದೆ. ಆದರೆ ದಯಾಮರಣ ಆ ಸಾವುಗಳ ಜಾಗದಲ್ಲಿ ಬರುತ್ತಿದೆಯೇ? ಹಾಗಿದ್ದರೆ ಎರಡೂ ಕಡೆ ಗಂಡು ಹೆಣ್ಣಿನ ಲೆಕ್ಕ ಹೆಚ್ಚುಕಡಿಮೆ ತಾಳೆಯಾಗಬೇಕು. ನೆದರ್ಲೆಂಡ್ಸ್‌ನಲ್ಲಿ ಆತ್ಮಹತ್ಯೆಯಿಂದ ಸಾಯುವ ಮೂವರಲ್ಲಿ ಇಬ್ಬರು ಗಂಡಸರು. ಕಿಮ್ ಓದಿದ 66 ಕಡತಗಳಲ್ಲಿ 46 ಹೆಂಗಸರವು. ಹೆಂಗಸರು ಹೆಚ್ಚಿರುವುದು ಆತ್ಮಹತ್ಯೆಯ ಯತ್ನಗಳಲ್ಲಿ, ಅಂದರೆ ಬಹುಪಾಲು ಜನ ಬದುಕಿ ಉಳಿಯುವ ಗುಂಪಿನಲ್ಲಿ. ಹೇಗಿದ್ದರೂ ಸಾಯುತ್ತಿದ್ದವರು ಎಂಬ ಸಮಾಧಾನ ಈ ಅಂಕಿಯ ಮುಂದೆ ನಿಲ್ಲುವುದು ಕಷ್ಟ. ಆ ದೇಶದ ಆತ್ಮಹತ್ಯೆಗಳೂ 2007ರ 1,353ರಿಂದ 2017ರ ಹೊತ್ತಿಗೆ 1,917ಕ್ಕೆ ಏರಿದವು. ನಡುವೆ ಆರ್ಥಿಕ ಕುಸಿತವೂ ಇತ್ತು, ದಯಾಮರಣವೇ ಕಾರಣ ಎನ್ನಲಾರೆ. ತಗ್ಗಿಸಿತು ಎನ್ನಲಂತೂ ಆಧಾರವಿಲ್ಲ.

ಪರ ವಹಿಸುವವರು ಕೊನೆಗೆ ಬಿಡುವ ಬಾಣ ಬೆಲ್ಜಿಯಂನದು. ಮನೋವೈದ್ಯೆ ಲೀವ ಟಿನ್‌ಪಾಂಟ್ ತಮ್ಮ ಬಳಿ 2007ರಿಂದ 2011ರವರೆಗೆ ದಯಾಮರಣ ಕೇಳಿ ಬಂದ ನೂರು ರೋಗಿಗಳ ಬಗ್ಗೆ ಬರೆದರು. ಅವರಲ್ಲಿ 77 ಮಂದಿ ಹೆಂಗಸರು. 48 ಜನರ ಕೋರಿಕೆ ಒಪ್ಪಿಗೆಯಾಯಿತು. ಅವರಲ್ಲಿ 8 ಮಂದಿ, ದಾರಿ ಇದೆ ಎಂಬ ಅರಿವಿನಿಂದಲೇ ನೆಮ್ಮದಿ ಸಿಕ್ಕಿ, ಸಾವನ್ನು ಮುಂದೂಡಿದರು ಅಥವಾ ಕೈಬಿಟ್ಟರು. ನೋಡಿ, ಬಾಗಿಲು ತೆರೆದಿದ್ದೇ ಜೀವ ಉಳಿಸಿತು ಎನ್ನುತ್ತಾರೆ. ಅದೇ ಅಂಕಿಯನ್ನು ಇನ್ನೊಮ್ಮೆ ಓದಬೇಕು. ಈ ಎಂಟೂ ಜನರ ನೋವಿಗೆ ಉಪಶಮನ ಇಲ್ಲವೆಂದು ವೈದ್ಯರು ಒಪ್ಪಿ ಸಹಿ ಹಾಕಿದ್ದರು. ಉಪಶಮನವಾಯಿತು. ಆರರಲ್ಲೊಂದು ಷರಾ ತಪ್ಪು ಎಂದು ತಿಳಿದದ್ದು ಅವರು ಬದುಕಿದ್ದರಿಂದ. ದಯಾಮರಣ ಪಡೆದ 35 ಮಂದಿಯಲ್ಲಿ ಎಷ್ಟು ಜನರ ಷರಾ ತಪ್ಪಾಗಿತ್ತು ಎಂದು ಎಣಿಸಲು ದಾರಿ ಉಳಿದಿಲ್ಲ.